ಹೆಸರು ನಮ್ಮದು, ನೋಂದಣಿ ಅವರದು: ಈಗ ಏನು ಮಾಡೋದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು, ದಾವಣಗೆರೆಯವರು. ಮಂಡಿ ವರ್ತಕರು ಕನ್ನಡದಲ್ಲೇ ಲೆಕ್ಕ ಇಡುವಂಥ ಒಂದು ತಂತ್ರಾಂಶ ಮಾಡಿದ್ದೇವೆ. ಮಾಲು, ತೂಕ, ದರ, ಹಮಾಲಿ ಹಾಕಿದರೆ ರೈತರಿಗೆ ಕೊಡುವ ಪಟ್ಟಿ ಪ್ರಿಂಟ್ ಆಗುತ್ತದೆ. 2019ರ ಜೂನ್‌ನಲ್ಲಿ, ಯಾರು ಬೇಕಾದರೂ ಬಳಸಬಹುದು ಅನ್ನುವ ಅಪಾಚೆ 2.0 ಲೈಸೆನ್ಸ್ ಹಾಕಿ, ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟೆವು. ಅದೇ ಹೆಸರಿನಲ್ಲಿ ಒಂದು ಡಾಟ್ ಇನ್ ವೆಬ್‌ಸೈಟ್ ಇದೆ. ಹೆಸರು ಚಿತ್ರದುರ್ಗದ ಕೋಟೆಗೆ ಸಂಬಂಧಿಸಿದ ಒಂದು ಪದ. ಯಾರ ಹತ್ತಿರವೂ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಈಗ ಬೆಂಗಳೂರಿನ ಒಂದು ಕಂಪನಿ ಲಾಯರ್ ನೋಟಿಸ್ ಕಳಿಸಿದೆ. ಅದೇ ಹೆಸರಿಗೆ 2023ರಲ್ಲಿ ಅರ್ಜಿ ಹಾಕಿ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಕೊಂಡಿದ್ದಾರಂತೆ. 15 ದಿನದಲ್ಲಿ ಹೆಸರು ಬಿಡಬೇಕು, ವೆಬ್‌ಸೈಟ್ ವಿಳಾಸ ಬರೆದುಕೊಡಬೇಕು, ಇಲ್ಲದಿದ್ದರೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಇದೆ. ಅವರದು ಅಂಗಡಿ ಬಿಲ್ಲಿಂಗ್ ಆ್ಯಪ್. ಅದರೊಳಗೆ ನಮ್ಮ ಕೋಡೇ ಇದೆ ಅನ್ನಿಸುತ್ತಿದೆ. ಅವರ ಎಂಜಿನಿಯರ್ ಒಬ್ಬರು 2021ರಲ್ಲಿ ನಮ್ಮ ಗಿಟ್‌ಹಬ್ ಪುಟದಲ್ಲಿ ಎರಡು ಪ್ರಶ್ನೆ ಕೇಳಿದ್ದರು. ದುಡ್ಡು ತೆಗೆದುಕೊಳ್ಳದವರಿಗೆ ಹೆಸರಿನ ಮೇಲೆ ಹಕ್ಕಿಲ್ಲವೇ? ಲೈಸೆನ್ಸ್ ಕೊಟ್ಟ ಮೇಲೆ ಹೆಸರನ್ನೂ ಕೊಟ್ಟ ಹಾಗಾಯಿತೇ? ಹೆಸರು ಬದಲಿಸಿ ಸುಮ್ಮನಾಗೋದೇ ಒಳ್ಳೆಯದೇ?

ಉತ್ತರ: ಮೊದಲು ಆ 15 ದಿನದ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರದ ತುಂಬ ಅದರದೇ ಆತಂಕ. ಅದು ಕಾನೂನು ಹಾಕಿದ ಗಡುವಲ್ಲ, ಅವರ ವಕೀಲರು ಹಾಕಿದ್ದು. ಹದಿನಾರನೇ ದಿನ ಯಾರೂ ಬಂದು ನಿಮ್ಮ ವೆಬ್‌ಸೈಟ್ ಕಿತ್ತುಕೊಂಡು ಹೋಗುವುದಿಲ್ಲ. ಹಾಗಂತ ನೋಟಿಸನ್ನು ಮಡಚಿಟ್ಟು ಕೂರುವ ಹಾಗೂ ಇಲ್ಲ. ಉತ್ತರ ಕೊಡಬೇಕು, ಆದರೆ ಕಾಗದಪತ್ರ ಜೋಡಿಸಿಕೊಂಡ ಮೇಲೆ ಕೊಡಬೇಕು. ಇನ್ನೂ ಸಮಯ ಬೇಕಾದರೆ "ದಾಖಲೆ ನೋಡಿ ವಿವರವಾಗಿ ಉತ್ತರಿಸುತ್ತೇವೆ, ನಿಮ್ಮ ಆರೋಪಗಳನ್ನು ಒಪ್ಪಿಲ್ಲ" ಅಂತ ಎರಡು ಸಾಲು ಕಳಿಸಿದರೆ ಸಾಕು.

ನಿಮ್ಮ ತಂತ್ರಾಂಶದ ಹೆಸರನ್ನು ನಾನು ಇಲ್ಲಿ ಬೇಕಂತಲೇ ಬರೆದಿಲ್ಲ. ನೀವೂ ಸದ್ಯಕ್ಕೆ ಈ ಜಗಳವನ್ನು ಫೇಸ್‌ಬುಕ್‌ನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಸಿಟ್ಟಿನಲ್ಲಿ ಬರೆದ ಒಂದು ಸಾಲು ಸಾಕು, ನಾಳೆ ಕೋರ್ಟಿನಲ್ಲಿ ಎದುರಿನವರು ಅದನ್ನೇ ಓದುತ್ತಾರೆ.

ಈಗ ಲೈಸೆನ್ಸ್. ಇಲ್ಲಿ ನಿಮಗೆ ಭಯ ಬೇಡ. ನೀವು ಕೊಟ್ಟಿದ್ದು ಕೋಡಿನ ಹಕ್ಕುಸ್ವಾಮ್ಯದ ಅನುಮತಿ. ಹೆಸರು ಬೇರೆಯೇ ಸ್ವತ್ತು, ಅದಕ್ಕೆ ಬೇರೆಯೇ ಕಾಯ್ದೆ ಇದೆ. ಅಪಾಚೆ 2.0 ಲೈಸೆನ್ಸಿನ 6ನೇ ಕಲಂ ತೆಗೆದು ಓದಿ. ಕೋಡ್ ಕೊಟ್ಟವರ ಟ್ರೇಡ್‌ಮಾರ್ಕ್, ಉತ್ಪನ್ನದ ಹೆಸರು ಇವನ್ನು ಬಳಸಲು ಈ ಲೈಸೆನ್ಸ್ ಅನುಮತಿ ಕೊಡುವುದಿಲ್ಲ ಅಂತ ಅಲ್ಲಿ ನೇರವಾಗಿ ಬರೆದಿದೆ. ಕೋಡು ಎಲ್ಲಿಂದ ಬಂತು ಎಂದು ವಾಡಿಕೆಯಂತೆ ತಿಳಿಸುವುದಕ್ಕೆ ಮಾತ್ರ ಹೆಸರು ಹೇಳಬಹುದು. ಎಂಐಟಿ ಲೈಸೆನ್ಸ್ ಆಗಿದ್ದರೆ ಅದು ಹೆಸರಿನ ಬಗ್ಗೆ ಏನೂ ಹೇಳುವುದಿಲ್ಲ, ಆಗ ಸ್ವಲ್ಪ ವಾದ ಮಾಡಬೇಕಿತ್ತು. ನೀವು ಆರಿಸಿದ ಲೈಸೆನ್ಸ್ ನಿಮ್ಮನ್ನು ಕಾಪಾಡಿದೆ. ಕೋಡ್ ಕಾಪಿ ಮಾಡುವ ಹಕ್ಕು ಆ ಕಂಪನಿಗೆ ಇತ್ತು. ಅದೇ ಹೆಸರಿಟ್ಟು ಮಾರುವ ಹಕ್ಕು ಆ ಲೈಸೆನ್ಸಿನಿಂದ ಬರಲಿಲ್ಲ.

ದುಡ್ಡಿನ ಪ್ರಶ್ನೆ ಇನ್ನೂ ಮುಖ್ಯ. ಪುಕ್ಕಟೆ ಹಂಚಿದ್ದಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಹುಟ್ಟುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ನಿಮಗೆ ಬಂದ ನೋಟಿಸ್ ಬರೆದವರೂ ಇದನ್ನೇ ನಂಬಿಕೊಂಡಿರಬಹುದು. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ "ಸೇವೆ" ಅಂದರೆ ಏನು ಅನ್ನುವುದನ್ನು ನೋಡಿ. ಬಳಸಬಹುದಾದ ಜನರಿಗೆ ಒದಗಿಸಿದ ಯಾವುದೇ ಬಗೆಯ ಸೇವೆ ಅಂತ ಇದೆ. ದುಡ್ಡು ಕೊಟ್ಟವರಿಗೆ ಒದಗಿಸಿದ ಅಂತ ಇಲ್ಲ. ಅಮೆರಿಕದಲ್ಲಿ ಇದೇ ಪ್ರಶ್ನೆ ನೇರವಾಗಿ ಕೋರ್ಟಿಗೆ ಬಂದಿತ್ತು. 1994ರಲ್ಲಿ ಒಬ್ಬ ಪ್ರೋಗ್ರಾಮರ್ "ಕೂಲ್‌ಮೇಲ್" ಅನ್ನುವ ಪುಟ್ಟ ತಂತ್ರಾಂಶ ಬರೆದು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಪುಕ್ಕಟೆ ಹಂಚಿದ. ಕೆಲವು ವರ್ಷ ಆದ ಮೇಲೆ ಇನ್ನೊಂದು ಕಂಪನಿ ಅದೇ ಹೆಸರಿನಲ್ಲಿ ಇಮೇಲ್ ಸೇವೆ ಶುರು ಮಾಡಿತು. ಪುಕ್ಕಟೆ ಕೊಟ್ಟರೂ, ಜಿಪಿಎಲ್ ಹಾಕಿದ್ದರೂ ಹೆಸರಿನ ಹಕ್ಕು ಹುಟ್ಟುತ್ತದೆ ಎಂದು 2001ರಲ್ಲಿ ಅಲ್ಲಿನ 11ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಹೇಳಿತು. ಆ ತೀರ್ಪನ್ನು ನಮ್ಮ ಕೋರ್ಟು ಒಪ್ಪಲೇಬೇಕು ಅಂತಿಲ್ಲ. ಆದರೆ ವಾದಕ್ಕೆ ಒಳ್ಳೆಯ ಬಲ.

ಮಂಡಿಯವರು ಸುಮ್ನೆ ಯಾವುದೋ ತಂತ್ರಾಂಶ ಹಾಕಿಕೊಳ್ಳುವುದಿಲ್ಲ. ಪಕ್ಕದ ಮಂಡಿಯವರು "ಇದು ಚೆನ್ನಾಗಿದೆ" ಅಂದರು, ಹೆಸರು ಕೇಳಿ ಹಾಕಿಕೊಂಡರು. ಆ ನಂಬಿಕೆಯೇ ಕಾನೂನಿನ ಭಾಷೆಯಲ್ಲಿ ಗುಡ್‌ವಿಲ್. ಅದನ್ನು ಗಳಿಸಿದವರು ನೀವು ನಾಲ್ಕು ಜನ. ಬಿಲ್ ಹರಿದಿಲ್ಲ ಅನ್ನುವ ಕಾರಣಕ್ಕೆ ಅದು ಅನಾಥ ಸ್ವತ್ತಾಗುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಸರ್ಟಿಫಿಕೇಟು. ನೋಂದಣಿ ಆಗಿದೆ ಅಂತ ಕೇಳಿ ನೀವು ಹೆದರಿದ್ದೀರಿ. ಅದಕ್ಕೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ಮೇಲು. ಕಾಯ್ದೆಯ 34ನೇ ಕಲಂ ಇದನ್ನೇ ಹೇಳುತ್ತದೆ. ನೋಂದಣಿ ಮಾಡಿಸಿದವರು ತಮಗಿಂತ ಮೊದಲಿನಿಂದ ಬಿಡದೆ ಬಳಸುತ್ತಾ ಬಂದವರನ್ನು ತಡೆಯುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2015ರಲ್ಲಿ ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ಎರಡು ತಾರೀಖುಗಳಿಗಿಂತ ಹಿಂದೆ ಇರಬೇಕು. ಒಂದು, ಅವರ ನೋಂದಣಿಯ ತಾರೀಖು. ನೋಂದಣಿ ಆದರೆ ಅದು ಅರ್ಜಿ ಹಾಕಿದ ದಿನದಿಂದಲೇ ಆಯಿತು ಅಂತ ಲೆಕ್ಕ, ಹಾಗಾಗಿ ಅದು 2023. ಇನ್ನೊಂದು, ಅವರು ನಿಜವಾಗಿ ಬಳಸಲು ಶುರು ಮಾಡಿದ ತಾರೀಖು. ಅರ್ಜಿಯಲ್ಲಿ "ಬಳಕೆ ಯಾವಾಗಿನಿಂದ" ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಅವರು 2018 ಅಂತ ಬರೆದು ಪ್ರಮಾಣಪತ್ರ (ಅಫಿಡವಿಟ್) ಹಾಕಿದ್ದರೆ ನಿಮ್ಮ ಕೇಸು ಕಷ್ಟ. "ಮುಂದೆ ಬಳಸುವ ಉದ್ದೇಶ" ಅಂತ ಬರೆದಿದ್ದರೆ ಅವರ ಕೈಯಿಂದಲೇ ನಿಮಗೆ ಸಾಕ್ಷಿ ಸಿಕ್ಕಿತು. ಇದನ್ನು ಯಾರನ್ನೂ ಕೇಳಬೇಕಿಲ್ಲ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕುವುದು ಪುಕ್ಕಟೆ. ಅರ್ಜಿ ಸಂಖ್ಯೆ ನೋಟಿಸಿನಲ್ಲೇ ಇರುತ್ತದೆ. ಅದನ್ನು ಹಾಕಿ ಎಲ್ಲ ದಾಖಲೆ ಇಳಿಸಿಕೊಳ್ಳಿ. ಯಾವ ವರ್ಗದಲ್ಲಿ ನೋಂದಣಿ ಅನ್ನುವುದನ್ನೂ ನೋಡಿ. ಒಟ್ಟು 45 ವರ್ಗ ಇವೆ. ಡೌನ್‌ಲೋಡ್ ಮಾಡುವ ತಂತ್ರಾಂಶ 9ನೇ ವರ್ಗ, ಆನ್‌ಲೈನ್ ತಂತ್ರಾಂಶ ಸೇವೆ 42.

ಹಾಗೇ, ನೋಂದಣಿ ನಿಜಕ್ಕೂ ಮುಗಿದಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಬರೀ ಅರ್ಜಿ ಹಾಕಿ "ನಮ್ಮದು ರಿಜಿಸ್ಟರ್ಡ್" ಅಂತ ನೋಟಿಸ್ ಕಳಿಸುವವರು ಇದ್ದಾರೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿ 4 ತಿಂಗಳು ಆಗಿಲ್ಲದಿದ್ದರೆ ನೀವು ನೇರವಾಗಿ ವಿರೋಧ ಅರ್ಜಿ ಹಾಕಬಹುದು. ನೋಂದಣಿ ಆಗಿಹೋಗಿದ್ದರೆ 57ನೇ ಕಲಂ ಕೆಳಗೆ ಅದನ್ನು ರದ್ದು ಮಾಡಿ ಅಂತ ಕೇಳಬೇಕು. ಎರಡಕ್ಕೂ ಆನ್‌ಲೈನ್ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 2,700 ರೂಪಾಯಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಎಲ್ಲ ಆನ್‌ಲೈನ್, ಅರ್ಜಿ ಹಾಕಲು ಚೆನ್ನೈಗೆ ಹೋಗಬೇಕಿಲ್ಲ.

ಇಷ್ಟಕ್ಕೂ ನಿಮ್ಮ ಕೇಸಿನ ಜೀವ ಇರುವುದು ಸಾಕ್ಷಿಯಲ್ಲಿ. 2019ರಿಂದ ಬಿಡದೆ ಈ ಹೆಸರನ್ನು ಬಳಸಿದ್ದೇವೆ ಅಂತ ತೋರಿಸಬೇಕು. ತಂತ್ರಾಂಶದವರು ತಕ್ಷಣ ಗಿಟ್ ಇತಿಹಾಸ, ಅಂದರೆ ಕೋಡ್ ಯಾವಾಗ ಏನು ಬದಲಾಯಿತು ಅನ್ನುವ ದಾಖಲೆ, ತೋರಿಸುತ್ತಾರೆ. ತೋರಿಸಿ, ಆದರೆ ಅದನ್ನೊಂದೇ ನಂಬಬೇಡಿ. ಅದರಲ್ಲಿ ಒಂದೊಂದು ಬದಲಾವಣೆಗೂ ಇರುವ ಕಮಿಟ್ ತಾರೀಖು ನಿಮ್ಮ ಕಂಪ್ಯೂಟರ್ ಹೇಳಿದ ತಾರೀಖು. ಅದನ್ನು ಬದಲಿಸಬಹುದು ಅನ್ನುವುದು ನಿಮಗೂ ಗೊತ್ತು, ಎದುರಿನ ವಕೀಲರಿಗೂ ಯಾರಾದರೂ ಹೇಳಿಕೊಡುತ್ತಾರೆ. ಅದಕ್ಕಿಂತ ಗಟ್ಟಿಯಾದದ್ದು ನಿಮ್ಮ ಕೈಯಲ್ಲಿ ಇಲ್ಲದ ತಾರೀಖುಗಳು. ಗಿಟ್‌ಹಬ್‌ನಲ್ಲಿ ಹೊರಗಿನವರು ಬರೆದ ಪ್ರಶ್ನೆಗಳು, ಡೊಮೈನ್ ಅಂದರೆ ವೆಬ್‌ಸೈಟ್ ವಿಳಾಸದ ನೋಂದಣಿಯ ರಸೀದಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದ ನಿಮ್ಮ ವೆಬ್‌ಸೈಟಿನ ಹಳೆಯ ಪ್ರತಿಗಳು.

ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಮಂಡಿಗಳಲ್ಲಿ ಕೂತಿದೆ ಅಂತ ನನ್ನ ಊಹೆ. ನಿಮ್ಮ ತಂತ್ರಾಂಶದಿಂದ ಪ್ರಿಂಟ್ ಆದ ಪಟ್ಟಿಯ ಕೆಳಗೆ ಅದರ ಹೆಸರು ಬರುತ್ತದೆಯೇ? ಬರುವುದಾದರೆ 2019, 2020, 2021ರ ಪಟ್ಟಿಗಳ ಪ್ರತಿಗಳನ್ನು ಹುಡುಕಿ. ಆಡಿಟ್‌ಗೆ ಬೇಕು ಅಂತ ವರ್ತಕರು ಅವನ್ನು ಫೈಲಿನಲ್ಲಿ ಇಟ್ಟಿರುತ್ತಾರೆ. ಮೆಕ್ಕೆಜೋಳದ ಸೀಸನ್ನಿನ ಒಂದೊಂದು ಪಟ್ಟಿಯಲ್ಲೂ ತಾರೀಖು ಇದೆ, ಸಂಖ್ಯೆ ಇದೆ, ನಿಮಗೆ ಸಂಬಂಧವಿಲ್ಲದ ಮೂರನೆಯವರ ಸಹಿ ಇದೆ. ಇಷ್ಟು ಸ್ವಚ್ಛವಾದ ಬಳಕೆಯ ಪುರಾವೆ ದೊಡ್ಡ ಕಂಪನಿಗಳಿಗೂ ಸಿಗುವುದು ಅಪರೂಪ. ರೈತರ ಹೆಸರು, ಫೋನ್ ನಂಬರ್ ಇರುವ ಕಡೆ ಮಸಿ ಹಾಕಿ ಪ್ರತಿ ತೆಗೆಯಿರಿ. ದಾವಣಗೆರೆ ಎಪಿಎಂಸಿಯ ಮೂರ್ನಾಲ್ಕು ವರ್ತಕರು, ಚಿತ್ರದುರ್ಗದ ಕಡೆಯವರು ಯಾರಾದರೂ ಬಳಸುತ್ತಿದ್ದರೆ ಅವರು, ಇಂಥ ವರ್ಷದಿಂದ ಈ ಹೆಸರಿನಿಂದಲೇ ನಮಗೆ ಇದು ಗೊತ್ತು ಅಂತ ಪ್ರಮಾಣಪತ್ರ ಕೊಟ್ಟರೆ ಇನ್ನೂ ಒಳ್ಳೆಯದು.

ಕಂಪ್ಯೂಟರಿನಿಂದ ತೆಗೆದ ದಾಖಲೆಗೆ ಒಂದು ಸರ್ಟಿಫಿಕೇಟ್ ಬೇಕಾಗುತ್ತದೆ. ಮೊದಲು ಇದನ್ನು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೊಡಬೇಕು. ಅದರಲ್ಲಿ ಎರಡು ಭಾಗ, ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನೂ, ಬರೆಯಬೇಕು. ಉಳಿದ ಕಕ್ಷಿದಾರರಿಗೆ ಹ್ಯಾಶ್ ಅಂದರೆ ಏನು ಅಂತ ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ನಿಮಗೆ ಆ ತೊಂದರೆ ಇಲ್ಲ. ಇವತ್ತೇ ತೆಗೆದಿಡಿ.

2021ರಲ್ಲಿ ಅವರ ಎಂಜಿನಿಯರ್ ಕೇಳಿದ ಪ್ರಶ್ನೆಗಳನ್ನು ಅಳಿಸಬೇಡಿ, ಮುಚ್ಚಬೇಡಿ, ಅದರ ಕೆಳಗೆ ಹೊಸದಾಗಿ ಏನೂ ಬರೆಯಬೇಡಿ. ಅದು ಚಿನ್ನ. ನಿಮ್ಮ ಹೆಸರು ಗೊತ್ತಿದ್ದೂ ಎರಡು ವರ್ಷದ ಮೇಲೆ ಅದೇ ಹೆಸರಿಗೆ ಅರ್ಜಿ ಹಾಕಿದರು ಅಂತಾದರೆ ಅದು ದುರುದ್ದೇಶದ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಒಂದು ಎಚ್ಚರಿಕೆ. ಅವರು ಆಗ ಆ ಕಂಪನಿಯಲ್ಲೇ ಕೆಲಸದಲ್ಲಿದ್ದರು ಅನ್ನುವುದಕ್ಕೆ ದಾಖಲೆ ಬೇಕು. ಅದಿಲ್ಲದೆ ನೋಟಿಸಿನ ಉತ್ತರದಲ್ಲಿ ಕಳ್ಳತನ ಅನ್ನುವ ಪದ ಬಳಸಬೇಡಿ.

ಯಾರೋ ಕಟ್ಟಿದ ಹೆಸರನ್ನು ಇನ್ಯಾರೋ ನೋಂದಾಯಿಸಿಕೊಳ್ಳುವುದು ಹೊಸದಲ್ಲ. ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ಗೇ ಹೀಗಾಗಿತ್ತು. ಲಿನುಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಿಡುಗಡೆ ಮಾಡಿದರು. 1994ರಲ್ಲಿ ವಿಲಿಯಂ ಡೆಲ್ಲಾ ಕ್ರೋಚೆ ಎಂಬುವರು ಅಮೆರಿಕದಲ್ಲಿ "ಲಿನಕ್ಸ್" ಹೆಸರಿಗೆ ಅರ್ಜಿ ಹಾಕಿ ಮರುವರ್ಷ ನೋಂದಣಿ ಪಡೆದರು. ಆಮೇಲೆ ಲಿನಕ್ಸ್ ವ್ಯಾಪಾರ ಮಾಡುವವರಿಂದ ರಾಯಲ್ಟಿ ಕೇಳಲು ಶುರು ಮಾಡಿದರು. ಟೊರ್ವಾಲ್ಡ್ಸ್ ಮತ್ತು ಕೆಲವು ಕಂಪನಿಗಳು ಸೇರಿ ನೋಂದಣಿ ರದ್ದು ಮಾಡಿ ಅಂತ ಹೋರಾಡಿದರು. 1997ರಲ್ಲಿ ರಾಜಿಯಾಗಿ ಹೆಸರು ಟೊರ್ವಾಲ್ಡ್ಸ್‌ಗೆ ಬಂತು. ಹೆಸರು ಯಾರದು ಅನ್ನುವುದರಲ್ಲಿ ಬಳಕೆದಾರರಿಗೆ ಅನುಮಾನವೇ ಇರಲಿಲ್ಲ, ಆದರೂ ಕಾಗದದ ಮೇಲೆ ಅದನ್ನು ವಾಪಸ್ ತರಲು ಅಷ್ಟು ಓಡಾಡಬೇಕಾಯಿತು.

ನಮ್ಮಲ್ಲಿ ವೆಬ್‌ಸೈಟ್ ಹೆಸರಿನ ದೊಡ್ಡ ಕೇಸು ಶುರುವಾಗಿದ್ದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲೇ. ಸತ್ಯಂ ಇನ್ಫೋವೇ ಕಂಪನಿ 1999ರಿಂದ "ಸಿಫಿ" ಹೆಸರಿನ ಡೊಮೈನ್‌ಗಳನ್ನು ಬಳಸುತ್ತಿತ್ತು. ಇನ್ನೊಂದು ಕಂಪನಿ 2001ರಲ್ಲಿ "ಸಿಫ್ಫಿನೆಟ್" ಅಂತ ಶುರು ಮಾಡಿತು. ನಮ್ಮ ಐದು ಜನ ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿಸಿ ಇಟ್ಟಿದ್ದು ಅಂತ ಅವರ ವಿವರಣೆ. ಕೆಳಗಿನ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ಅದನ್ನು ತೆಗೆಯಿತು. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರವಾಗಿ ತೀರ್ಪು ಕೊಟ್ಟಿತು. ಡೊಮೈನ್ ಹೆಸರು ಬರೀ ವಿಳಾಸ ಅಲ್ಲ, ಅದಕ್ಕೂ ಟ್ರೇಡ್‌ಮಾರ್ಕ್‌ನ ರಕ್ಷಣೆ ಇದೆ ಅಂತ ಅಲ್ಲಿಂದ ಗಟ್ಟಿಯಾಯಿತು. ಇದು ನಿಮ್ಮ ಪರವಾದ ತೀರ್ಪು. ನಿಮ್ಮ ಡಾಟ್ ಇನ್ ವಿಳಾಸವೂ 2019ರಿಂದ ಆದ ಬಳಕೆಯ ಭಾಗವೇ.

"ಅವರದು ಅಂಗಡಿ ಬಿಲ್ಲಿಂಗ್, ನಮ್ಮದು ಮಂಡಿ ಲೆಕ್ಕ, ಬೇರೆ ಬೇರೆ ಅಲ್ವಾ?" ಅಂತ ಕೇಳಬಹುದು. ನಂದಿನಿ ಕೇಸು ನೆನಪಿಗೆ ಬರುತ್ತದೆ. ಕೆಎಂಎಫ್‌ನ ನಂದಿನಿ ಹಾಲು 1985ರಿಂದ, ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲು 1989ರಿಂದ. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ನೋಂದಣಿಗೆ ಒಪ್ಪಿತು, ಹಾಲು ಮತ್ತು ಹಾಲಿನ ಉತ್ಪನ್ನ ಮಾತ್ರ ಬಿಡಬೇಕು ಅಂದಿತು. ಒಂದು ವರ್ಗದಲ್ಲಿ ನೋಂದಣಿ ಇದ್ದ ಮಾತ್ರಕ್ಕೆ ಆ ವರ್ಗ ಪೂರ್ತಿ ಒಬ್ಬರ ಸ್ವತ್ತಲ್ಲ ಅನ್ನುವುದು ಅದರ ತಿರುಳು. ಆದರೆ ನೀವು ಈ ವಾದದ ಮೇಲೆ ಜಾಸ್ತಿ ಭಾರ ಹಾಕಬೇಡಿ. ಎರಡೂ ವ್ಯಾಪಾರಿಗಳ ಲೆಕ್ಕದ ತಂತ್ರಾಂಶ. ಮಂಡಿ ವರ್ತಕರಿಗೇ ಅಂಗಡಿಯೂ ಇರುತ್ತದೆ. ಗೊಂದಲ ಆಗುತ್ತದೆ ಅನ್ನುವುದನ್ನು ಅಲ್ಲಗಳೆಯುವ ಬದಲು, "ಹೌದು, ಗೊಂದಲ ಆಗುತ್ತದೆ, ಅದಕ್ಕೆ ಕಾರಣ ನೀವು" ಅನ್ನುವುದೇ ನಿಮಗೆ ಲಾಭ.

ಹೆಸರಿನ ಆಯ್ಕೆಯಲ್ಲೂ ನೀವು ಅದೃಷ್ಟವಂತರು. ಬೆಂಗಳೂರಿನ ಬೀದಿ ಬೀದಿಯಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡು ಇವೆ. ಊರಿನ ಹೆಸರು ಮತ್ತು ತಿಂಡಿಯ ಹೆಸರು ಸೇರಿಸಿ ಇದು ನನ್ನೊಬ್ಬನದೇ ಅಂತ ಹೇಳುವುದು ಬಹಳ ಕಷ್ಟ, 9ನೇ ಕಲಂ ಅಡ್ಡ ಬರುತ್ತದೆ. ನೀವು "ಮಂಡಿ ಲೆಕ್ಕ" ಅಂತ ಇಟ್ಟಿದ್ದರೆ ನಿಮ್ಮ ಸ್ಥಿತಿಯೂ ಅದೇ ಆಗಿರುತ್ತಿತ್ತು. ಕೋಟೆಯ ಪದಕ್ಕೂ ಲೆಕ್ಕದ ತಂತ್ರಾಂಶಕ್ಕೂ ಸಂಬಂಧವಿಲ್ಲ. ಅಂಥ ಹೆಸರಿಗೇ ಕಾನೂನಿನಲ್ಲಿ ಬಲ ಜಾಸ್ತಿ. ಅದೂ ಅಲ್ಲದೆ, ಅದೇ ಪದ ಅದೇ ಬಗೆಯ ತಂತ್ರಾಂಶಕ್ಕೆ ಇಬ್ಬರಿಗೂ ತಾನಾಗೇ ಹೊಳೆಯಿತು ಅಂದರೆ ನಂಬುವುದು ಕಷ್ಟ.

ಈಗ ವೆಬ್‌ಸೈಟ್ ವಿಳಾಸ. ಯಾವ ಕಾರಣಕ್ಕೂ ಬರೆದುಕೊಡಬೇಡಿ. ಡಾಟ್ ಇನ್ ವಿಳಾಸದ ಜಗಳಕ್ಕೆ ಐಎನ್‌ಡಿಆರ್‌ಪಿ ಅನ್ನುವ ಮಧ್ಯಸ್ಥಿಕೆ ವ್ಯವಸ್ಥೆ ಇದೆ. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಮಧ್ಯಸ್ಥರನ್ನು ನೇಮಿಸುತ್ತದೆ. ವಿಳಾಸ ಬೇಕು ಅನ್ನುವವರು ಮೂರು ವಿಷಯ ಸಾಬೀತು ಮಾಡಬೇಕು: ಹೆಸರು ತಮ್ಮ ಮಾರ್ಕಿಗೆ ಹೋಲುತ್ತದೆ, ನಿಮಗೆ ಅದರಲ್ಲಿ ನ್ಯಾಯವಾದ ಹಿತಾಸಕ್ತಿ ಇಲ್ಲ, ನೀವು ದುರುದ್ದೇಶದಿಂದ ನೋಂದಾಯಿಸಿದ್ದೀರಿ ಅಥವಾ ಬಳಸುತ್ತಿದ್ದೀರಿ. 2023ರಲ್ಲಿ ಅರ್ಜಿ ಹಾಕಿದವರ ಹೆಸರನ್ನು ಕದಿಯಲು ನೀವು 2019ರಲ್ಲೇ ವಿಳಾಸ ಕೊಂಡಿರಿ ಅನ್ನುವುದು ನಿಲ್ಲುವ ವಾದವಲ್ಲ. ವಿಳಾಸದ ನವೀಕರಣ ಯಾವಾಗ ಅಂತ ನೋಡಿ ಈಗಲೇ ಕೆಲವು ವರ್ಷಕ್ಕೆ ಕಟ್ಟಿಬಿಡಿ. ವರ್ಗಾವಣೆ ಆಗದ ಹಾಗೆ ಲಾಕ್ ಹಾಕಿಡಿ. ಜಗಳದ ನಡುವೆ ನವೀಕರಣ ತಪ್ಪಿ ವಿಳಾಸ ಕಳೆದುಕೊಂಡರೆ ಯಾವ ತೀರ್ಪೂ ಬೇಗ ವಾಪಸ್ ತಂದುಕೊಡುವುದಿಲ್ಲ.

ಇನ್ನೊಂದು ಮಾತು, ಇದನ್ನು ನಿಮ್ಮ ನಾಲ್ವರಿಗೂ ಹೇಳಿ. "ಇಷ್ಟು ಲಕ್ಷ ಕೊಟ್ಟರೆ ವಿಳಾಸ ಬಿಡುತ್ತೇವೆ" ಅಂತ ಯಾರೂ ಫೋನಿನಲ್ಲೂ ಹೇಳಬಾರದು. ಕೆನಡಾದ ಮೈಕ್ ರೋವ್ ಅನ್ನುವ 17 ವರ್ಷದ ಹುಡುಗ ತನ್ನ ಹೆಸರಿನ ಜೊತೆ ಸಾಫ್ಟ್ ಸೇರಿಸಿ ವೆಬ್‌ಸೈಟ್ ಮಾಡಿದ್ದ. 2003ರಲ್ಲಿ ಮೈಕ್ರೋಸಾಫ್ಟ್ ವಕೀಲರು 10 ಡಾಲರ್ ಕೊಡುತ್ತೇವೆ ಅಂದರು, ಅವನು 10,000 ಡಾಲರ್ ಕೇಳಿದ. ಆ ಬೆಲೆಯನ್ನೇ ಹಿಡಿದುಕೊಂಡು ಅವರು ಅವನ ಮೇಲೆ ದುರುದ್ದೇಶದ ಆರೋಪ ಹೊರಿಸಿದರು. ಕೊನೆಗೆ ರಾಜಿಯಾಯಿತು, ಆದರೆ ನಿಮಗೆ ಆ ಅಪಾಯ ಬೇಡ.

ನೋಟಿಸಿನ ಉತ್ತರದಲ್ಲಿ ಏನಿರಬೇಕು? 2019ರಿಂದ ಬಳಕೆ, 34ನೇ ಕಲಂ, ಲೈಸೆನ್ಸಿನ 6ನೇ ಕಲಂ, ಅವರಿಗೆ ಮೊದಲೇ ತಿಳಿದಿತ್ತು ಅನ್ನುವುದರ ಸೂಚನೆ, ನೋಂದಣಿ ರದ್ದತಿಗೆ ಹೋಗುವ ಹಕ್ಕನ್ನು ಉಳಿಸಿಕೊಂಡಿದ್ದೇವೆ ಅನ್ನುವ ಮಾತು. ಎರಡು ಪುಟ ಸಾಕು. ಎಲ್ಲ ಸಾಕ್ಷಿಯನ್ನು ಈಗಲೇ ಅವರ ಮುಂದೆ ಸುರಿಯಬೇಡಿ. ಆಧಾರವಿಲ್ಲದೆ ಬೆದರಿಸಿದವರ ಮೇಲೆ ನಾವೇ ದಾವೆ ಹಾಕಲು 142ನೇ ಕಲಂ ಇದೆ. ಆದರೆ ನೋಂದಣಿ ಪಡೆದವರು ತಡ ಮಾಡದೆ ದಾವೆ ಹೂಡಿದರೆ ಅದು ನಿಲ್ಲುವುದಿಲ್ಲ. ನಾನಾಗಿದ್ದರೆ ಅದಕ್ಕೆ ಕೈ ಹಾಕುವುದಿಲ್ಲ, ರದ್ದತಿ ಅರ್ಜಿಯ ಮೇಲೆ ಗಮನ ಇಡುತ್ತೇನೆ.

ಉತ್ತರ ಕಳಿಸುವ ದಿನವೇ ಬೆಂಗಳೂರಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿ. ನೋಂದಣಿ ಪಡೆದವರು ತಾವು ವ್ಯವಹಾರ ಮಾಡುವ ಊರಿನಲ್ಲೇ ದಾವೆ ಹೂಡಬಹುದು. ನಿಮ್ಮನ್ನು ಕೇಳದೆ ಏಕಪಕ್ಷೀಯ ತಡೆಯಾಜ್ಞೆ ತಂದುಬಿಟ್ಟರೆ ಅದನ್ನು ತೆಗೆಸುವವರೆಗೆ ತಂತ್ರಾಂಶ ಮುಚ್ಚಿಡಬೇಕಾಗುತ್ತದೆ. ಕೇವಿಯಟ್ ಇದ್ದರೆ ನಿಮ್ಮ ಮಾತು ಕೇಳಲು ಕೋರ್ಟು ನಿಮಗೆ ತಿಳಿಸಬೇಕು. ಅದು 90 ದಿನ ನಡೆಯುತ್ತದೆ, ಬೇಕಾದರೆ ಮತ್ತೆ ಹಾಕಬಹುದು.

ಕೋರ್ಟಿಗಿಂತ ಮೊದಲು ಅವರು ಗಿಟ್‌ಹಬ್‌ಗೆ, ಆ್ಯಪ್ ಅಂಗಡಿಗೆ ದೂರು ಕೊಡುವ ಸಾಧ್ಯತೆಯೂ ಇದೆ. ಅಲ್ಲಿ ನ್ಯಾಯಾಧೀಶರಿಲ್ಲ, ಸರ್ಟಿಫಿಕೇಟ್ ತೋರಿಸಿದವರ ಮಾತು ಬೇಗ ನಡೆಯುತ್ತದೆ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಅನ್ನುವ ಕೋಡ್ ಭಂಡಾರದಲ್ಲಿ "ಕಿಕ್" ಹೆಸರಿಗೆ ಜಗಳವಾಯಿತು. ಕಿಕ್ ಅನ್ನುವ ಕಂಪನಿ ಕೇಳಿತು, ಭಂಡಾರದವರು ಹೆಸರನ್ನು ಕಂಪನಿಗೆ ಕೊಟ್ಟರು. ಬೇಸರಗೊಂಡ ಡೆವಲಪರ್ ತನ್ನ ಎಲ್ಲ ಪ್ಯಾಕೇಜುಗಳನ್ನೂ ತೆಗೆದುಹಾಕಿದ. ಅದರಲ್ಲಿ 11 ಸಾಲಿನ "ಲೆಫ್ಟ್‌ಪ್ಯಾಡ್" ಕೂಡ ಇತ್ತು, ಅದನ್ನು ನಂಬಿಕೊಂಡಿದ್ದ ದೊಡ್ಡ ದೊಡ್ಡ ತಂತ್ರಾಂಶಗಳ ಕೆಲಸ ನಿಂತಿತು. ಆ ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೀವು ಹಾಗೆ ಮಾಡಬೇಡಿ. ಸೀಸನ್ನಿನ ನಡುವೆ ಪಟ್ಟಿ ಪ್ರಿಂಟ್ ಆಗದಿದ್ದರೆ ತೊಂದರೆ ವರ್ತಕರಿಗೂ ರೈತರಿಗೂ. ನಿಮ್ಮ ದಾಖಲೆಗಳ ಒಂದು ಕಟ್ಟನ್ನು ಸಿದ್ಧ ಮಾಡಿಟ್ಟುಕೊಳ್ಳಿ, ದೂರು ಬಂದರೆ ಅವತ್ತೇ ಉತ್ತರಿಸಬಹುದು.

ಇಷ್ಟರ ಜೊತೆ ನಿಮ್ಮದೇ ಮನೆ ಸರಿಮಾಡಿಕೊಳ್ಳುವ ಕೆಲಸ ಇದೆ. ನನಗೆ ನಿಮ್ಮ ಪತ್ರದಲ್ಲಿ ಹೆಚ್ಚು ಚಿಂತೆ ತಂದದ್ದು ಇದೇ. ನಾಲ್ಕು ಜನ ಗೆಳೆಯರು ಅಂದಿರಿ. ಡೊಮೈನ್ ಯಾರ ಹೆಸರಿನಲ್ಲಿದೆ? ಗಿಟ್‌ಹಬ್ ಖಾತೆ ಯಾರದು? ನಾಳೆ ಒಬ್ಬರು ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದರೆ? "ಈಥಿರಿಯಲ್" ಅನ್ನುವ ಪ್ರಸಿದ್ಧ ತಂತ್ರಾಂಶ ಬರೆದ ಜೆರಾಲ್ಡ್ ಕೂಂಬ್ಸ್ 2006ರಲ್ಲಿ ಕೆಲಸ ಬದಲಿಸಿದರು. ಹೆಸರಿನ ಹಕ್ಕು ಹಳೆಯ ಕಂಪನಿಯಲ್ಲಿ ಉಳಿಯಿತು. ಕೋಡು ತಂದರು, ಹೆಸರು ತರಲಾಗಲಿಲ್ಲ. ಹೊಸ ಹೆಸರಿಡಬೇಕಾಯಿತು, ಅದೇ ಇವತ್ತಿನ ವೈರ್‌ಶಾರ್ಕ್.

ನೀವು ನಾಲ್ವರೂ ಕೂತು ಒಂದು ಪುಟದ ಒಪ್ಪಂದ ಬರೆಯಿರಿ: ಹೆಸರು ನಾಲ್ವರಿಗೂ ಸೇರಿದ್ದು, ಒಬ್ಬರು ಬಿಟ್ಟುಹೋದರೆ ಅವರ ಪಾಲು ಉಳಿದವರಿಗೆ. ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿ. ಆಮೇಲೆ ನಾಲ್ವರ ಜಂಟಿ ಹೆಸರಿನಲ್ಲಿ ನೀವೂ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಬಳಕೆ 2019ರಿಂದ ಅಂತ ಬರೆದು ಪ್ರಮಾಣಪತ್ರದ ಜೊತೆಗೆ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಅವರ ನೋಂದಣಿ ಅಡ್ಡ ಇದೆ ಅಂತ ಮೊದಲು ಆಕ್ಷೇಪಣೆ ಬರುತ್ತದೆ, ಬರಲಿ. ರದ್ದತಿ ಅರ್ಜಿ ತೋರಿಸಿ ಉತ್ತರಿಸಬಹುದು. ಮುಂದೆ ತಂಡ ದೊಡ್ಡದಾದರೆ ಸೊಸೈಟಿ ಮಾಡಿ ಅದರ ಹೆಸರಿಗೆ ವರ್ಗಾಯಿಸಬಹುದು, ಕರ್ನಾಟಕದಲ್ಲಿ ಅದಕ್ಕೆ ಕನಿಷ್ಠ 7 ಸದಸ್ಯರು ಬೇಕು.

ವೆಬ್‌ಸೈಟಿನಲ್ಲಿ ಹೆಸರಿನ ಬಳಕೆಗೆ ನಾಲ್ಕು ಸಾಲಿನ ನಿಯಮ ಹಾಕಿ. ನಮ್ಮ ಕೋಡ್ ಬದಲಿಸಿ ಹಂಚುವವರು ಬೇರೆ ಹೆಸರಿಡಬೇಕು, "ಇಂಥದ್ದರ ಮೇಲೆ ಕಟ್ಟಿದ್ದು" ಅಂತ ಹೇಳಿಕೊಳ್ಳಬಹುದು, ಇಷ್ಟು ಸಾಕು. ತೀರಾ ಬಿಗಿ ಮಾಡಬೇಡಿ. 2023ರಲ್ಲಿ ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ರತಿಷ್ಠಾನ ಹೊರತಂದ ಕರಡು ನಿಯಮ ಅತಿಯಾಯಿತು ಅಂತ ಅದರ ಬಳಕೆದಾರರೇ ಸಿಟ್ಟಾದರು, ಪ್ರತಿಷ್ಠಾನ ಕ್ಷಮೆ ಕೇಳಬೇಕಾಯಿತು.

ಹೆಸರು ಬದಲಿಸಿ ಸುಮ್ಮನಾಗೋದೇ ಒಳ್ಳೆಯದೇ ಅಂತ ಕೇಳಿದ್ದೀರಿ. ಕೆಲವು ಸಲ ಹೌದು. ಹಡ್ಸನ್ ಅನ್ನುವ ತಂತ್ರಾಂಶದ ಹೆಸರು ತನ್ನದು ಅಂತ ಒರಾಕಲ್ ಕಂಪನಿ ಹೇಳಿದಾಗ, ಅದನ್ನು ಕಟ್ಟಿದವರು 2011ರ ಜನವರಿಯಲ್ಲಿ ಮತ ಹಾಕಿ ಜೆಂಕಿನ್ಸ್ ಅಂತ ಹೆಸರು ಬದಲಿಸಿದರು. ಬಳಕೆದಾರರು ಅವರ ಹಿಂದೆಯೇ ಹೋದರು, ಹಡ್ಸನ್ ಕ್ರಮೇಣ ನಿಂತೇ ಹೋಯಿತು. ಅವರಿಗೆ ಇದ್ದಿದ್ದು ಆನ್‌ಲೈನಿನಲ್ಲೇ ಇರುವ ಡೆವಲಪರ್‌ಗಳು, ಒಂದು ಪ್ರಕಟಣೆಯಿಂದ ಎಲ್ಲರಿಗೂ ಗೊತ್ತಾಯಿತು. ನಿಮ್ಮ ಬಳಕೆದಾರರು ಮಂಡಿಯವರು, ಬಾಯಿಂದ ಬಾಯಿಗೆ ಬಂದವರು. ಹೆಸರು ಬದಲಾದರೆ ಹಳೆಯ ಹೆಸರನ್ನೇ ಹುಡುಕುತ್ತಾರೆ, ಆಗ ಸಿಗುವುದು ಆ ಕಂಪನಿಯ ಆ್ಯಪ್. ದಾಖಲೆ ನೋಡಿದಾಗ ಅವರ ಬಳಕೆ ನಿಮಗಿಂತ ಮೊದಲಿನದು ಅಂತ ಕಂಡರೆ ಹೆಸರು ಬದಲಿಸಿ, ಹೋರಾಡಬೇಡಿ. ನಿಮ್ಮದೇ ಮೊದಲು ಅಂತಾದರೆ ಬದಲಿಸಬೇಡಿ. ಸುಮ್ಮನೆ ಕೂರಲೂ ಬೇಡಿ. ಅವರ ಬಳಕೆ ಗೊತ್ತಿದ್ದೂ ಬಿಡದೆ 5 ವರ್ಷ ಸಹಿಸಿಕೊಂಡರೆ, 33ನೇ ಕಲಂ ಪ್ರಕಾರ ರದ್ದತಿ ಕೇಳುವ ಹಕ್ಕೇ ಕೈತಪ್ಪಬಹುದು.

ರಾಜಿಗೆ ಬಂದರೆ ಬಾಗಿಲು ಹಾಕಬೇಡಿ. ಅವರು ಹೆಸರಿಗೆ ಇನ್ನೊಂದು ಪದ ಸೇರಿಸಿಕೊಂಡು ಬೇರೆಯಾಗಿ ಕಾಣುವ ಹಾಗೆ ಮಾಡಿಕೊಳ್ಳಲಿ, ಮಂಡಿ ಕ್ಷೇತ್ರಕ್ಕೆ ಬಾರದಿರಲಿ, ನಿಮ್ಮ ಅರ್ಜಿಗೆ ಆಕ್ಷೇಪವಿಲ್ಲ ಅಂತ ಬರೆದುಕೊಡಲಿ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಕೊನೆಗೆ, ಅವರ ಆ್ಯಪ್‌ನಲ್ಲಿ ನಿಮ್ಮ ಕೋಡ್ ಇದೆ ಅನ್ನುವ ಅನುಮಾನ. ಕೋಡ್ ಇದ್ದರೆ ಅದು ತಪ್ಪಲ್ಲ, ಮಾರುವುದೂ ತಪ್ಪಲ್ಲ. ಆದರೆ ಅಪಾಚೆ ಲೈಸೆನ್ಸಿನ 4ನೇ ಕಲಂ ಪ್ರಕಾರ ಲೈಸೆನ್ಸಿನ ಪ್ರತಿ ಕೊಡಬೇಕು, ನಿಮ್ಮ ಹಕ್ಕುಸ್ವಾಮ್ಯದ ಸೂಚನೆ ಉಳಿಸಬೇಕು, ಬದಲಿಸಿದ ಫೈಲುಗಳಲ್ಲಿ ಬದಲಿಸಿದ್ದೇವೆ ಅಂತ ಬರೆಯಬೇಕು. ಆ್ಯಪ್‌ನ ಲೈಸೆನ್ಸ್ ಪುಟ ತೆರೆದು ನಿಮ್ಮ ಸೂಚನೆ ಇದೆಯೇ ನೋಡಿ, ಸ್ಕ್ರೀನ್‌ಶಾಟ್ ತೆಗೆದು ಹ್ಯಾಶ್ ಸಮೇತ ಇಡಿ. ಸೂಚನೆ ಇದ್ದರೆ ನಿಮ್ಮ ಹೆಸರು ಅವರಿಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅವರೇ ಕೊಟ್ಟ ಸಾಕ್ಷಿ ಅದು. ಇಲ್ಲದಿದ್ದರೆ ಅದು ಹಕ್ಕುಸ್ವಾಮ್ಯದ ಪ್ರತ್ಯೇಕ ದೂರು, ನೋಟಿಸಿನ ಉತ್ತರದಲ್ಲಿ ಅದನ್ನು ಬೆರೆಸಬೇಡಿ, ಬೇರೆ ಪತ್ರದಲ್ಲಿ ಕೇಳಿ.